ಇದ್ದಿಲ ಬಸ್ಸಿನಲ್ಲಿ ದೊರೆಸಾನಿ

ಮದ್ದೂರಿನಲ್ಲಿ ಆ ದೊರೆಸಾನಿ ತನ್ನ ಕೊರಳಿಗೆ ಬೀಳುತ್ತಾಳೆಂದು ಮೊದಲೇ ಗೊತ್ತಿದ್ದರೆ ಮಹಮೂದಾ ರೈಲಿನಿಂದ ಇಳಿಯುತ್ತಲೇ ಇರಲಿಲ್ಲ. ಸೀದಾ ಮಂಡ್ಯಕ್ಕೆ ಹೋಗಿ, ಸುತ್ತಾದರೂ ಸರಿ, ಅಲ್ಲಿಂದ ಮಳವಳ್ಳಿ ಸೇರುತ್ತಿದ್ದಳು.

ಅವಳು ಮಳವಳ್ಳಿಯ ಸರ್ಕಾರಿ ಆಸ್ಪತ್ರೆಯಲ್ಲಿ ಸೂಲಗಿತ್ತಿ ನರ್ಸು. ಅಕ್ಕನ ಬಾಣಂತನಕ್ಕೆಂದು ರಜ ಹಾಕಿ ಬೆಂಗಳೂರಿಗೆ ಹೋಗಿದ್ದವಳು, ರಜದಲ್ಲೂ ಅದೇ ಕೆಲಸ ಮಾಡಿ ಸುಸ್ತಾಗಿ ಊರಿಗೆ ಹೊರಟಿದ್ದಳು. ಯುದ್ಧ ಶುರುವಾಗಿ ಐದನೇ ಬೇಸಿಗೆ. ಪೆಟ್ರೋಲು ಸಿಗದೆ ಬಸ್ಸುಗಳೆಲ್ಲ ಬೆನ್ನಿಗೆ ದೊಡ್ಡ ಕಬ್ಬಿಣದ ಪೀಪಾಯಿ ಕಟ್ಟಿಕೊಂಡು, ಅದರಲ್ಲಿ ಇದ್ದಿಲು ಉರಿಸಿ, ಆ ಹೊಗೆಯ ಬಲದಿಂದ ತೆವಳುತ್ತಿದ್ದ ಕಾಲ.

ಬಸ್ಸು ನಿಲ್ಲುವ ಕಡೆ ಜನ ಗುಂಪುಗೂಡಿದ್ದರು. ನಡುವೆ ಖಾಕಿ ಷರಾಯಿ ತೊಟ್ಟ ಬಿಳಿ ಹೆಂಗಸೊಬ್ಬಳು ಕೈ ಬೀಸಿ ಬೀಸಿ ಇಂಗ್ಲಿಷಿನಲ್ಲಿ ಕೂಗುತ್ತಿದ್ದಳು. ಬಿಸಿಲಿಗೆ ಅವಳ ಮೂಗು ಸಿಪ್ಪೆ ಎದ್ದಿತ್ತು. ಜನ ಅವಳ ಮಾತು ಕೇಳುವುದಕ್ಕಿಂತ ಹೆಚ್ಚಾಗಿ ಅವಳ ಷರಾಯಿ ನೋಡುತ್ತಿದ್ದರು.

"ಏನಾಯಿತು?" ಎಂದು ಮಹಮೂದಾ ಇಂಗ್ಲಿಷಿನಲ್ಲಿ ಕೇಳಿದಳು. ನರ್ಸಿಂಗ್ ಕಲಿಯುವಾಗ ಬಂದ ಭಾಷೆ. ಬಾಯಿ ಬಿಟ್ಟ ಮರುಕ್ಷಣವೇ ಬಿಡಬಾರದಿತ್ತು ಅನ್ನಿಸಿತು. ಆ ಹೆಂಗಸು ಅವಳ ಎರಡೂ ಕೈ ಹಿಡಿದುಕೊಂಡಳು.

ಅವಳ ಹೆಸರು ನೋರಾ. ಐರ್ಲೆಂಡಿನವಳು. ಬೆನ್ನಿಗೊಂದು ಚೀಲ ಏರಿಸಿಕೊಂಡು ಶಿವನಸಮುದ್ರದ ಜಲಪಾತ ನೋಡಲು ಒಬ್ಬಳೇ ಹೊರಟಿದ್ದಳು. ಆ ಚೀಲವನ್ನು ಯಾರೋ ಉಪಕಾರ ಮಾಡಲು ಹೋಗಿ ಅಲ್ಲೇ ಹತ್ತಿರದ ಕೊಪ್ಪಕ್ಕೆ ಹೋಗುವ ಬಸ್ಸಿನ ತಲೆ ಮೇಲೆ ಏರಿಸಿದ್ದರು. ಬಸ್ಸು ಹೊರಟುಹೋಗಿತ್ತು.

"ಇನ್ನೊಂದು ಗಳಿಗೆಗೆ ಮಳವಳ್ಳಿ ಬಸ್ಸು ಹೊರಡುತ್ತೆ," ಎಂದಳು ಮಹಮೂದಾ. ತನ್ನ ಬಸ್ಸು ತಪ್ಪುತ್ತದೆ ಎಂದು ಹೇಳಲು ಹೊರಟಿದ್ದಳು. ಆದರೆ ಆ ಸಿಪ್ಪೆ ಎದ್ದ ಮೂಗಿನ ತುದಿಯಲ್ಲಿ ಕಣ್ಣೀರ ಹನಿ ಕಂಡಿತು. ಮಹಮೂದಾ ಹಲ್ಲು ಕಚ್ಚಿಕೊಂಡು ಜಟಕಾ ಕರೆದಳು.

ಕೊಪ್ಪದ ಬಸ್ಸು ಬಹಳ ದೂರ ಹೋಗಿರಲಿಲ್ಲ. ಗದ್ದೆಯ ಬದಿಯಲ್ಲಿ ಕೆಟ್ಟು ನಿಂತಿತ್ತು. ಪ್ರಯಾಣಿಕರು ಕೆಳಗಿಳಿದು ತಳ್ಳಲು ಸೆರಗು, ಪಂಚೆ ಸಿಕ್ಕಿಸುತ್ತಿದ್ದರು. ಇದ್ದಿಲ ಬಸ್ಸು ಕೆಟ್ಟಿದ್ದಕ್ಕೆ ಮಹಮೂದಾ ಖುಷಿಪಟ್ಟಿದ್ದು ಅದೊಂದೇ ಸಲ. ಚೀಲ ಮಾತ್ರ ಬೆಲ್ಲದ ಮೂಟೆಗಳ ಅಡಿಯಲ್ಲಿತ್ತು.

"ಈಗ ಬಿಚ್ಚಕಾಯ್ತದಾ ಕಣಮ್ಮ? ಕೊಪ್ಪಕ್ ಓಗ್ಲಿ, ಬಿಚ್ಚುಮ ಬುಡು," ಎಂದ ಕಂಡಕ್ಟರು.

ನೋರಾಗೆ ಅದನ್ನು ಅನುವಾದಿಸುವ ಅಗತ್ಯ ಬೀಳಲಿಲ್ಲ. ಅವಳು ಹಿಂದಿನ ಏಣಿ ಹತ್ತಿ, ಮೂಟೆಗಳನ್ನು ಕಾಲಿನಿಂದ ಒತ್ತರಿಸಿ, ಚೀಲ ಎಳೆದು ಕೆಳಕ್ಕೆಸೆದಳು. ಒಂದು ಮೂಟೆಯೂ ಜೊತೆಗೇ ಉರುಳಿ ಒಡೆಯಿತು. ಬೆಲ್ಲದ ಯಜಮಾನ ಮಹಮೂದಾಳನ್ನು ಬೈದ. ದೊರೆಸಾನಿಯನ್ನು ಬೈಯಲು ಅವನಿಗೆ ಭಾಷೆ ಬರುತ್ತಿರಲಿಲ್ಲ.

ಮದ್ದೂರಿಗೆ ಮರಳುವಷ್ಟರಲ್ಲಿ ಮಳವಳ್ಳಿ ಬಸ್ಸು ಹೋಗಿತ್ತು. ಬಿಸಿಲು ಬಾಗುವವರೆಗೆ ಕಾದು ಮುಂದಿನದನ್ನು ಹತ್ತಿದರು. ಡ್ರೈವರ್ ಹಮೀದ್ ಮಳವಳ್ಳಿಯವನೇ, ಮಹಮೂದಾಳ ಬೀದಿಯವನು. ಕಂಡಕ್ಟರ್ ಕರಿಸಿದ್ದಯ್ಯ ಟಿಕೆಟ್ ಹರಿಯುವುದರ ಜೊತೆಗೆ ಇಳಿದಿಳಿದು ಪೀಪಾಯಿಯ ಬೆಂಕಿಗೆ ಹಿಡಿ ತಿರುವಿ ಗಾಳಿ ಹಾಕಬೇಕಿತ್ತು. ಅವನ ಮುಖ, ಟಿಕೆಟ್ಟು ಎರಡೂ ಕಪ್ಪಾಗಿದ್ದವು.

ಕಾಳಮುದ್ದನದೊಡ್ಡಿ ದಾಟಿ ಒಂದು ಸಣ್ಣ ಏರಿನಲ್ಲಿ ಬಸ್ಸು ಕೆಮ್ಮಿತು. ಇನ್ನೊಮ್ಮೆ ಕೆಮ್ಮಿ ನಿಂತಿತು.

"ಇನ್ನೇನು ಬಾಕಿ ಇದೆ?" ಎಂದಳು ಮಹಮೂದಾ, ಯಾರಿಗೂ ಅಲ್ಲದೆ.

ಹಮೀದ್ ಗೊಣಗುತ್ತ ಇಳಿದು ಪೀಪಾಯಿಯ ಮುಚ್ಚಳ ತೆಗೆದ. ಒಳಗೆ ತುಂಬಿಕೊಂಡಿದ್ದ ಹೊಗೆಗೆ ಗಾಳಿ ಸೋಕಿದ್ದೇ ಭಗ್ಗನೆ ಉರಿ ಎದ್ದಿತು. ಅವನ ಕೂಗು ಕೇಳಿ ಎಲ್ಲರೂ ಇಳಿದು ಓಡಿದರು. ಬಲಗೈ ಅಂಗೈಯಿಂದ ಮೊಣಕೈವರೆಗೆ ಸುಟ್ಟಿತ್ತು.

"ಬೆಣ್ಣೆ ಅಚ್ಚಿ ಕಣ್ರಲಾ!" ಎಂದರು ಒಬ್ಬರು. "ಸಗಣಿ ಮೆತ್ತಿ," ಎಂದರು ಇನ್ನೊಬ್ಬರು. ಮಹಮೂದಾ ಗದರಿ ಎಲ್ಲರನ್ನೂ ದೂರ ಸರಿಸಿದಳು. ನೋರಾ ಆಗಲೇ ಚೀಲ ಬಿಚ್ಚಿ ಶುದ್ಧ ಬಟ್ಟೆ, ಮುಲಾಮು ಹೊರತೆಗೆದಿದ್ದಳು. ತಣ್ಣೀರು ಸುರಿದು, ಒಬ್ಬಳು ಕೈ ಹಿಡಿದರೆ ಇನ್ನೊಬ್ಬಳು ಬಟ್ಟೆ ಸುತ್ತಿದಳು. ಬೆಳಗಿನಿಂದ ಮಹಮೂದಾಗೆ ಆ ಹೆಂಗಸಿನ ಮೇಲೆ ಸಿಟ್ಟು ಬಾರದೆ ಇದ್ದದ್ದು ಆಗ ಮಾತ್ರ.

ಕೈಗೇನೋ ಕಟ್ಟು ಬಿತ್ತು. ಬಸ್ಸು ಓಡಿಸುವವರು ಯಾರು? ಕರಿಸಿದ್ದಯ್ಯನಿಗೆ ಎತ್ತಿನ ಗಾಡಿ ಬಿಟ್ಟು ಬೇರೇನೂ ಓಡಿಸಿ ಗೊತ್ತಿಲ್ಲ. ಇನ್ನೊಂದು ಬಸ್ಸು ಬರುವುದು ಮಾರನೆಯ ದಿನ.

"ನಾನು ಓಡಿಸುತ್ತೇನೆ," ಎಂದಳು ನೋರಾ.

ಮಹಮೂದಾ ಅವಳನ್ನು ದಿಟ್ಟಿಸಿ ನೋಡಿದಳು. "ಸಾಕು ಮಾಡಿ. ದಯವಿಟ್ಟು ಸಾಕು ಮಾಡಿ."

"ಬೆಂಗಳೂರಿನ ಸೈನ್ಯದ ಆಸ್ಪತ್ರೆಯಲ್ಲಿ ನನ್ನ ಕೆಲಸ ಆಂಬುಲೆನ್ಸ್ ಓಡಿಸುವುದು. ಇಂಥ ಇದ್ದಿಲ ಗಾಡಿಯನ್ನೂ ಓಡಿಸಿದ್ದೇನೆ."

ಮಹಮೂದಾ ಇದನ್ನು ಕನ್ನಡದಲ್ಲಿ ಹೇಳಿದ್ದೇ ತಡ, ಪ್ರಯಾಣಿಕರೆಲ್ಲ ಒಮ್ಮೆಲೇ ಮಾತಾಡತೊಡಗಿದರು. ನೋವಿನಲ್ಲೂ ಹಮೀದ್ ಎದ್ದು ಕುಳಿತ. "ನನ್ ಬಸ್ಸಾ? ಎಂಗಸ್ರ ಕೈಗಾ? ನಾನ್ ಸತ್ರೂ ಕೊಡಕಿಲ್ಲ."

ಬುಟ್ಟಿಯಲ್ಲಿ ಎರಡು ಕೋಳಿ ಇಟ್ಟುಕೊಂಡು ರಸ್ತೆ ಬದಿ ಕೂತಿದ್ದ ದೊಡ್ಡತಾಯಮ್ಮ ಎಂಬ ಮುದುಕಿ ಆಗ ಮೇಲೆದ್ದಳು. "ಗಂಡಸ್ರು ಓಡ್ಸಿದ್ದು ನೋಡಿದ್ವಲ್ಲ, ಕೈ ಸುಟ್ಕಂಡಿದ್ದು. ಮಗಳ ಮನೇಲಿ ಮೊಮ್ಮಗೀಗೆ ನೀರ್ ಉಯ್ಯೋ ಸಾಸ್ತ್ರ ಮಡಗವ್ರೆ. ನಾನಂತೂ ಓಯ್ತೀನಿ. ಬರೋರ್ ಬನ್ನಿ, ಬರ್ದಿದ್ದೋರು ಇಲ್ಲೇ ಬಿದ್ಕಳಿ," ಎಂದು ಬುಟ್ಟಿ ಸಮೇತ ಹತ್ತಿ ಮುಂದಿನ ಸೀಟಿನಲ್ಲೇ ಕುಳಿತಳು. ಒಬ್ಬೊಬ್ಬರಾಗಿ ಉಳಿದವರೂ ಹತ್ತಿದರು.

ನೋರಾ ಸ್ಟೀರಿಂಗ್ ಚಕ್ರ ಹಿಡಿದಳು. ಎಡಕ್ಕೆ ಹಮೀದ್, ಅವನ ಹಿಂದೆ ಬಗ್ಗಿ ನಿಂತ ಮಹಮೂದಾ. ಕರಿಸಿದ್ದಯ್ಯ ಬೆವರು ಸುರಿಸಿ ಗಾಳಿ ತಿರುವಿದ. ಎಂಜಿನ್ನು ಗುರುಗುಟ್ಟಿತು.

"ಗೇರ್ ಮುರ್ದಾಕ್ತಾಳೆ ಕಣಮ್ಮ ಇವ್ಳು! ಇವ್ಳ್ ಕೈಗ್ ಅಕ್ಕಿ ರುಬ್ಬಕ್ ಕೊಟ್ಟವ್ರೇನಮ್ಮ!" ಎಂದು ಹಮೀದ್ ಕೂಗಿದ.

"ಸ್ವಲ್ಪ ನಿಧಾನವಾಗಿ ಗೇರು ಹಾಕಬೇಕಂತೆ," ಎಂದಳು ಮಹಮೂದಾ ಇಂಗ್ಲಿಷಿನಲ್ಲಿ.

"ಅಷ್ಟುದ್ದ ಕೂಗಿದ್ದು ಇಷ್ಟೇನಾ?"

"ಅಷ್ಟೇ."

"ಆ ಕಡೆ ಎಳೀರಿ! ಎಳೀರಿ! ಗುಂಡಿ ಐತೆ! ಯಾ ಅಲ್ಲಾ!"

ಬಸ್ಸು ಗುಂಡಿಗೆ ಇಳಿದು ಎದ್ದಿತು. ಕೋಳಿಗಳು ಬುಟ್ಟಿಯಿಂದ ಹಾರಿ ನೋರಾಳ ತೊಡೆಯ ಮೇಲೊಂದು, ಹಮೀದನ ಹೆಗಲ ಮೇಲೊಂದು ಬಂದು ಕುಳಿತವು. ಎದುರಿಗೆ ಕಬ್ಬಿನ ಗಾಡಿ. ಗಾಡಿಯವನು ಸ್ಟೀರಿಂಗ್ ಹಿಂದಿನ ಕೆಂಪು ಮುಖ ನೋಡಿ ಎತ್ತು ಹೊಡೆಯುವುದನ್ನೇ ಮರೆತು ರಸ್ತೆ ನಡುವೆ ನಿಂತುಬಿಟ್ಟ. ಹಾರನ್ನಿನ ರಬ್ಬರ್ ಉಂಡೆ ಹೊರಗೆ ಬಲಗಡೆ ಇತ್ತು. ನೋರಾಗೆ ಒಂದು ಕೈ ಬಿಡಲು ಧೈರ್ಯವಿಲ್ಲ. ಹಮೀದ್ ಅವಳ ಮೇಲಿನಿಂದ ಬಾಗಿ ಎಡಗೈಯಲ್ಲಿ ಪೋಂ ಪೋಂ ಎಂದು ಒತ್ತಿದ. ಅಲ್ಲಿಂದ ಮುಂದಕ್ಕೆ ಅವಳು ತಿರುಗಿಸುವುದು, ಇವನು ಒತ್ತುವುದು. ಅವನ ಬೈಗುಳ ನಿಧಾನವಾಗಿ ಬರೀ ಎಡ, ಬಲ ಎಂಬಷ್ಟಕ್ಕೆ ಇಳಿಯಿತು.

ಮಳವಳ್ಳಿಯ ದೀಪಗಳು ಕಾಣುವ ಹೊತ್ತಿಗೆ ಇದ್ದಿಲು ಮುಗಿಯಿತು. ಹಮೀದ್ ಎಡಗೈಯಲ್ಲಿ ಸ್ಟೀರಿಂಗ್ ಹಿಡಿದ, ಉಳಿದವರೆಲ್ಲ ಇಳಿದು ತಳ್ಳಿದರು. ಬಸ್ಸಿನ ಬೆನ್ನಿಗೆ ಭುಜ ಕೊಟ್ಟಾಗ ಮಹಮೂದಾಳ ಹೊಸ ಚಪ್ಪಲಿಯ ಉಂಗುಷ್ಠ ಕಿತ್ತಿತು. ಅಲ್ಲಿಗೆ ಅವಳ ತಾಳ್ಮೆಯೂ ಕಿತ್ತಿತು.

"ಯಾಕೆ ಬಂದಿರಿ ನೀವು?" ಎಂದು ಪಕ್ಕದಲ್ಲೇ ತಳ್ಳುತ್ತಿದ್ದ ನೋರಾಳ ಮೇಲೆ ರೇಗಿದಳು. "ಊರು ಗೊತ್ತಿಲ್ಲ, ಭಾಷೆ ಗೊತ್ತಿಲ್ಲ. ಯುದ್ಧ ನಡೆಯುವಾಗ ಜಲಪಾತ ನೋಡೋಕೆ ಯಾರಾದರೂ ಬರುತ್ತಾರಾ?"

ನೋರಾ ತಳ್ಳುತ್ತಲೇ ಇದ್ದಳು. ಭುಜ ತೆಗೆಯದೆಯೇ ಹೇಳಿದಳು: "ಎರಡು ವರ್ಷದಿಂದ ರೈಲ್ವೆ ಸ್ಟೇಷನ್ನಿನಿಂದ ಆಸ್ಪತ್ರೆಗೆ ಗಾಯಗೊಂಡವರನ್ನು ಸಾಗಿಸುತ್ತಿದ್ದೇನೆ. ಹಿಂದೆ ಯಾವಾಗಲೂ ಯಾರಾದರೂ ನರಳುತ್ತಿರುತ್ತಾರೆ. ಒಂದು ದಿನ ಆ ಸದ್ದಿಲ್ಲದೆ ಎಲ್ಲಿಗಾದರೂ ಹೋಗಬೇಕು ಅನ್ನಿಸಿತು. ನೀರಿನ ಸದ್ದು ಜೋರಾಗಿರುತ್ತದಲ್ಲ, ಬೇರೇನೂ ಕೇಳಿಸುವುದಿಲ್ಲ ಅಂದುಕೊಂಡೆ."

ಮುಂದಿನ ಸೀಟಿನಲ್ಲಿ ಹಮೀದ್ ನರಳುವುದು ಅವರಿಬ್ಬರಿಗೂ ಕೇಳಿಸುತ್ತಿತ್ತು. ಮಹಮೂದಾ ಕಿತ್ತ ಚಪ್ಪಲಿಯನ್ನು ಕೈಗೆತ್ತಿಕೊಂಡು, "ರಾತ್ರಿ ನಮ್ಮ ಮನೆಯಲ್ಲೇ ಇರಿ," ಎಂದಳು.

ಹಮೀದನನ್ನು ಆಸ್ಪತ್ರೆಗೆ ಬಿಟ್ಟು ಮನೆಗೆ ಬಂದಾಗ ಅವಳ ತಾಯಿ ಜಾನ್ ಬೀ ಮಸಿ ಬಳಿದುಕೊಂಡ ಇಬ್ಬರನ್ನೂ ಬಾಗಿಲಲ್ಲೇ ನಿಲ್ಲಿಸಿ ಮಗಳನ್ನು ಮನಸಾರೆ ಬೈದಳು. ಆಮೇಲೆ ಹಂಡೆಗೆ ನೀರು ಹಾಕಿದಳು.

ಬೆಳಿಗ್ಗೆ ನೋರಾ ಒಬ್ಬಳೇ ಹೊರಡಲು ಚೀಲ ಏರಿಸಿದಳು. ಇವಳನ್ನು ಒಬ್ಬಳನ್ನೇ ಬಿಟ್ಟರೆ ಚೀಲ ಈ ಸಲ ಮೈಸೂರು ಸೇರುತ್ತದೆ ಎಂದು ಗೊಣಗುತ್ತ ಮಹಮೂದಾ ತಾಯಿಯ ಹಳೇ ಚಪ್ಪಲಿ ಮೆಟ್ಟಿದಳು. ಬೆಳಕವಾಡಿಯವರೆಗೆ ಬಸ್ಸು, ಮುಂದೆ ಒಂದಷ್ಟು ದೂರ ಎತ್ತಿನ ಗಾಡಿ, ಉಳಿದದ್ದು ನಡಿಗೆ. ಜಾನ್ ಬೀ ಕಟ್ಟಿಕೊಟ್ಟ ರೊಟ್ಟಿಯನ್ನು ದಾರಿಯಲ್ಲೇ ಕೋತಿಯೊಂದು ಕಿತ್ತುಕೊಂಡು ಹೋಯಿತು.

ಕೊನೆಗೆ ಬಂಡೆಯ ಅಂಚಿಗೆ ಬಂದು ನಿಂತರು. ಕೆಳಗೆ ಬರೀ ಕಪ್ಪು ಕಲ್ಲು. ಕಲ್ಲಿನ ಸಂದಿಯಲ್ಲಿ ಜಡೆಯಷ್ಟು ದಪ್ಪದ ನೀರು ಸದ್ದಿಲ್ಲದೆ ಜಾರುತ್ತಿತ್ತು.

ಮಹಮೂದಾಗೆ ತಾನೇ ಮೋಸ ಮಾಡಿದಂತೆ ಅನ್ನಿಸಿತು. ಇಷ್ಟು ಹತ್ತಿರವಿದ್ದೂ ಅವಳು ಈ ಜಾಗ ನೋಡಿದ್ದು ಇದೇ ಮೊದಲು. ಅಲ್ಲೇ ಆಡು ಮೇಯಿಸುತ್ತಿದ್ದ ಹೆಂಗಸೊಬ್ಬಳ ಮೇಲೆ ಹರಿಹಾಯ್ದಳು. "ನೀರೆಲ್ಲಿ ಹೋಯಿತಮ್ಮ?"

"ಬ್ಯಾಸ್ಗೇಲ್ ಬಂದು ನೀರ್ ಕೇಳ್ತೀಯಲ್ಲ ಕಣಮ್ಮ! ಇರಾದ್ನೆಲ್ಲ ಕರೆಂಟ್ ಮಾಡಕ್ಕೆ ತಿರುಗಿಸ್ಕತ್ತಾರೆ. ಮಳೆಗಾಲಕ್ ಬಾ, ನೋಡ್ಕಂಡ್ ಓಗೀವಂತೆ."

ಮಹಮೂದಾ ಅದನ್ನು ಅನುವಾದಿಸಿದಳು. ನೋರಾ ಬಹಳ ಹೊತ್ತು ಕಲ್ಲನ್ನೇ ನೋಡಿದಳು. ಆಮೇಲೆ ತನ್ನ ಭಾಷೆಯಲ್ಲಿ ಏನೋ ಅಂದಳು. ಇಂಗ್ಲಿಷಂತೂ ಅಲ್ಲ, ಒಳ್ಳೆಯ ಮಾತಂತೂ ಇರಲಿಕ್ಕಿಲ್ಲ. ಬೂಟು ಬಿಚ್ಚಿ ಮರದ ಬುಡಕ್ಕೆ ಹೋಗಿ ಕುಳಿತಳು. ಗಾಳಿ ಬೀಸುತ್ತಿತ್ತು. ದೂರದಲ್ಲಿ ಆಡುಗಳ ಗಂಟೆ ಬಿಟ್ಟರೆ ಬೇರೆ ಶಬ್ದವಿರಲಿಲ್ಲ.

"ಬೆಳಕವಾಡಿಯಿಂದ ವಾಪಸು ಬಸ್ಸು ಯಾವಾಗ?" ಎಂದು ಕಣ್ಣು ಮುಚ್ಚಿಕೊಂಡೇ ಕೇಳಿದಳು.

ಈಗಲೇ ಎದ್ದು ಬಿರುಸಾಗಿ ನಡೆದರೆ ಸಿಗುತ್ತಿತ್ತು. ಮಹಮೂದಾಗೆ ಅದು ಗೊತ್ತಿತ್ತು.

"ಇನ್ನೂ ಬಹಳ ಹೊತ್ತಿದೆ, ಮಲಗಿ," ಎಂದಳು.

ನೋರಾ ಅಲ್ಲೇ ಒರಗಿ ನಿದ್ದೆಹೋದಳು. ಕೋತಿಗಳು ಮತ್ತೆ ಕೊಂಬೆ ಇಳಿದು ಬರುತ್ತಿದ್ದವು. ಮಹಮೂದಾ ಒಂದು ಕೋಲು ಹುಡುಕಿಕೊಂಡು ಬಂದು, ಅವಳ ಪಕ್ಕದಲ್ಲಿ ಕಾವಲು ಕುಳಿತಳು.