ಹುಳು ತಿಂದ ಎಲೆ

ಫ್ರಿಜ್ಜಿನಲ್ಲಿ ಹಾಲಿನ ಹಿಂದೆ ಇಟ್ಟ ಬಿಳಿ ಡಬ್ಬಿಯನ್ನು ಮುಟ್ಟಬೇಡ ಎಂದು ಗಂಡ ಹೇಳಿದ. ಅದರಲ್ಲಿ ಕ್ಯಾಮೆರಾ ಬ್ಯಾಟರಿ ಇದೆಯಂತೆ, ತಂಪಾಗಿರಬೇಕಂತೆ. ಅವಳು ಹೂಂ ಎಂದಳು. ಬ್ಯಾಟರಿ ಡಬ್ಬಿಯ ಮುಚ್ಚಳಕ್ಕೆ ಸೂಜಿಯಲ್ಲಿ ಚುಚ್ಚಿದ ತೂತುಗಳೇಕೆ ಎಂದು ಕೇಳಲಿಲ್ಲ.

ಅವನದು ಕನ್ನಡಕದ ಅಂಗಡಿ. ರಜೆಯ ದಿನ ಊರಾಚೆ ಕಾಡಂಚಿನ ಹುಲ್ಲುಗಾವಲಿಗೆ ಹೋಗಿ ಉಗುರಿನಷ್ಟೇ ದೊಡ್ಡ ನೀಲಿ ಚಿಟ್ಟೆಗಳ ಫೋಟೋ ತೆಗೆಯುವುದು ಅವನ ಹುಚ್ಚು. ಮೊದಲೆಲ್ಲ ಮಧ್ಯಾಹ್ನ ಮೈಯೆಲ್ಲ ಮಣ್ಣಾಗಿ ಬರುತ್ತಿದ್ದ. ಈಚೆಗೆ ಬೇಗ ಬರುತ್ತಿದ್ದ, ಬಟ್ಟೆಯ ಇಸ್ತ್ರಿ ಕೆಡದೆ ಇರುತ್ತಿತ್ತು, ಫೋಟೋಗಳು ಮಾತ್ರ ಮೊದಲಿಗಿಂತ ಚೆನ್ನಾಗಿದ್ದವು.

"ನಿನ್ನ ಗಂಡ ಬೆನ್ನು ಹತ್ತಿರೋ ಚಿಟ್ಟೆಗೆ ರೆಕ್ಕೆ ಇದೆಯೋ, ಜಡೆ ಇದೆಯೋ, ಸ್ವಲ್ಪ ನೋಡ್ಕೊಳಮ್ಮ" ಎಂದು ಅತ್ತೆ ನಕ್ಕಿದ್ದರು. ತಮಾಷೆಯೇ. ಆದರೆ ಮಾತು ತಲೆಯೊಳಗೆ ಕೊರೆಯತೊಡಗಿತು. ಅವನು ಸ್ನಾನಕ್ಕೆ ಹೋದಾಗ ಅಂಗಿಯ ಜೇಬು ತಡಕಿದಳು. ಏನೂ ಸಿಗದಿದ್ದರೂ ಸಮಾಧಾನವಾಗಲಿಲ್ಲ.

ಹೊಸ ಫೋಟೋ ಒಂದು ಸ್ಪರ್ಧೆಗೆ ಹೋಗುವುದಿತ್ತು. ಅದರ ಪ್ರತಿಯನ್ನು ಮಗಳು ಗೋಡೆಗೆ ಅಂಟಿಸಿ, ಅಪ್ಪ ಹೇಳಿಕೊಟ್ಟಂತೆ 'ಕಾಡಿನಲ್ಲಿ ಕಂಡದ್ದು' ಎಂದು ಬರೆದಿದ್ದಳು. ಧೂಳು ಒರೆಸುತ್ತಿದ್ದ ಹೆಂಡತಿಯ ಕೈ ಅಲ್ಲೇ ನಿಂತಿತು. ಚಿಟ್ಟೆ ಕೂತ ಎಲೆಯ ಅಂಚಿನಲ್ಲಿ ಹುಳು ತಿಂದ ಅರ್ಧಚಂದ್ರ, ಪಕ್ಕದಲ್ಲಿ ಹಳದಿ ಚುಕ್ಕೆ. ಅದು ತಮ್ಮದೇ ಬಾಲ್ಕನಿಯ ದಾಸವಾಳದ ಎಲೆ. ದಿನವೂ ನೀರು ಹಾಕುವವಳು ಅವಳೇ.

ನೇರ ಹೋಗಿ ಡಬ್ಬಿ ತೆರೆದಳು. ಒದ್ದೆ ಹತ್ತಿಯ ಮೇಲೆ ಒಂದು ನೀಲಿ ಚಿಟ್ಟೆ, ರೆಕ್ಕೆ ಮಡಚಿಕೊಂಡು.

ಡಬ್ಬಿಯನ್ನು ಗಂಡನ ಮುಂದಿಟ್ಟಳು. ಅವನು ಕನ್ನಡಕ ತೆಗೆದು ಒರೆಸಿಕೊಂಡ.

"ತಣ್ಣಗಾದ್ರೆ ಕೂರಿಸಿದ ಕಡೆ ಕೂತಿರುತ್ತೆ. ಆಮೇಲೆ ಬಿಸಿಲಿಗೆ ಇಟ್ರೆ ಎದ್ದು ಹೋಗುತ್ತೆ. ಎಲ್ಲರೂ ಮಾಡೋದೇ ಕಣೇ. ನಾನೇನು ಸಾಯಿಸ್ತೀನಾ? ಗಂಟೆಗಟ್ಟಲೆ ಹುಲ್ಲಲ್ಲಿ ಬಿದ್ಕೊಂಡು ಖಾಲಿ ಕೈಯಲ್ಲಿ ಬಂದವನಿಗೆ ಗೊತ್ತು ಆ ಕಷ್ಟ."

"ಇನ್ನೊಬ್ಬ ಹೆಂಗಸಿನ ವಿಷಯ ಆಗಿದ್ರೆ ಹೇಗೆ ಜಗಳ ಆಡೋದು ಅಂತಾದ್ರೂ ಗೊತ್ತಿತ್ತು" ಎಂದಳು ಅವಳು. "ಚಿಟ್ಟೆ ವಿಷಯದಲ್ಲೇ ಇಷ್ಟು ಸುಳ್ಳು ಹೇಳೋರನ್ನ ಇನ್ಯಾವುದರಲ್ಲಿ ನಂಬಲಿ? ಎಬ್ಬಿಸಿ, ನೋಡೋಣ."

ಅವನು ಅದನ್ನು ಅದೇ ಎಲೆಯ ಮೇಲೆ ಬಿಸಿಲಿಗಿಟ್ಟ. ಮಗಳು ಓಡಿಬಂದು ಉಸಿರು ಬಿಗಿಹಿಡಿದು ಕೂತಳು. ಬಿಸಿಲು ಎಲೆ ದಾಟಿ ಗೋಡೆಗೆ ಹೋಯಿತು. ಚಿಟ್ಟೆ ಪಕ್ಕಕ್ಕೆ ವಾಲಿತು.

"ಯಾಕಪ್ಪಾ ಹಾರ್ತಿಲ್ಲ?"

ಅವನು ಬಾಯಿ ತೆರೆದ. ಈಗ ಯಾವ ಸುಳ್ಳು ಬರುತ್ತದೆ ಎಂದು ಅವಳು ನೋಡುತ್ತ ನಿಂತಳು.

"ನಾನು ಇದನ್ನ ಫ್ರಿಜ್ಜಲ್ಲಿ ಇಟ್ಟಿದ್ದೆ ಪುಟ್ಟಿ" ಎಂದ. "ಆ ಫೋಟೋನೂ ಕಾಡಲ್ಲಿ ತೆಗೆದಿದ್ದಲ್ಲ."

ಮಗಳು ಎದ್ದು ಹೋಗಿ ಗೋಡೆಯ ಫೋಟೋ ಕಿತ್ತಳು. ಅವನು ತಡೆಯಲಿಲ್ಲ. ಸ್ಪರ್ಧೆಗೂ ಅದನ್ನು ಕಳಿಸಲಿಲ್ಲ.

ಮುಂದಿನ ರಜೆಯ ದಿನ ಅವನು ಬರುವಾಗ ಮಧ್ಯಾಹ್ನ ಕಳೆದಿತ್ತು. ಕ್ಯಾಮೆರಾದಲ್ಲಿ ಇದ್ದದ್ದು ಒಂದೇ ಚಿತ್ರ: ಹಸಿರಿನ ಮೇಲೆ ನೀಲಿ ಬಳಿದಂತೆ.

"ಏನೂ ಕಾಣ್ಸಲ್ವಲ್ಲಪ್ಪಾ" ಎಂದಳು ಮಗಳು.

"ಹಾರ್ತಾ ಇತ್ತು."

ಹೆಂಡತಿ ಫ್ರಿಜ್ ತೆರೆದು ಹಾಲಿನ ಹಿಂದೆ ಕೈಯಾಡಿಸಿದಳು. ಏನೂ ಇರಲಿಲ್ಲ. ಆಮೇಲೆ ಅವನ ಪ್ಯಾಂಟನ್ನು ನೀರಿಗೆ ಹಾಕಿ ಉಜ್ಜಿದಳು. ಮೊಣಕಾಲಿನ ಮಣ್ಣು ಎಷ್ಟು ತಿಕ್ಕಿದರೂ ಬಿಡಲಿಲ್ಲ.