ಕಪ್ಪಾಗದ ಪಟ್ಟಿ

ರಾತ್ರಿ ಒಂದೂವರೆಯ ಹೊತ್ತಿಗೆ ಟಕ್ ಎಂದು ಸಣ್ಣ ಸದ್ದಾಯಿತು. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಆವಿ ಯಂತ್ರದ ಚಿಲಕ ತೆಗೆದ ಸದ್ದು. ಮೇಲ್ವಿಚಾರಕಿ ಗಡಿಯಾರ ನೋಡಿದಳು. ಯಂತ್ರ ಬಿಸಿಯೇರಿದ ಮೇಲೆ ಅರ್ಧ ಗಂಟೆ ಬೇಕು; ಹತ್ತು ನಿಮಿಷವೂ ಆಗಿರಲಿಲ್ಲ.

ಮೂರು ದಿನದ ಹಿಂದೆ ಕಪಾಟಿನಲ್ಲಿ ಹೀಗೆ ಬೇಗ ಹೊರತೆಗೆದ ಒಂದು ಗಂಟು ಸಿಕ್ಕಿತ್ತು. ಶಸ್ತ್ರಕ್ರಿಯೆಯ ಸಲಕರಣೆಗಳ ಗಂಟಿಗೆ ಅಂಟಿಸುವ ಪಟ್ಟಿಯ ಗೆರೆಗಳು ಆವಿ ಸಾಕಷ್ಟು ತಾಗಿದರಷ್ಟೇ ಕಪ್ಪಾಗುತ್ತವೆ. ಅದರಲ್ಲಿ ಆಗಿರಲಿಲ್ಲ. ಮೇಲಿನ ವಾರ್ಡಿನಲ್ಲಿ ಒಬ್ಬ ಹೆಂಗಸಿನ ಹೊಲಿಗೆ ಕೀವು ಕಟ್ಟಿ, ಜ್ವರ ಇಳಿಯುತ್ತಿರಲಿಲ್ಲ. ಮೇಲ್ವಿಚಾರಕಿ ಅಂದಿನಿಂದ ಆಡಬೇಕಾದ ಮಾತನ್ನು ಬಾಯಿಪಾಠ ಮಾಡಿಕೊಂಡು, ಪ್ರತಿ ಸಲವೂ ನುಂಗಿಕೊಂಡಿದ್ದಳು. ಆಡಬೇಕಾಗಿದ್ದದ್ದು ಯಂತ್ರ ನಡೆಸುವ, ಎಲ್ಲರೂ ದೊಡ್ಡಕ್ಕ ಎಂದೇ ಕರೆಯುವ ಹಿರಿಯಳ ಹತ್ತಿರ. ಅವಳಿಗೆ ಈ ಕೆಲಸ ಕಲಿಸಿದವಳೇ ಆಕೆ.

ಇವತ್ತು ಎದ್ದು ಹೋದಳು.

"ಏನೇ, ದೆವ್ವ ಕಂಡವಳ ಹಾಗೆ ನಿಂತಿದ್ದೀಯ?" ದೊಡ್ಡಕ್ಕ ಗಂಟುಗಳನ್ನು ತಟ್ಟೆಗೆ ಜೋಡಿಸುತ್ತಿದ್ದಳು. "ಕುರ್ಚಿ ಬೇಜಾರಾಯ್ತಾ?"

"ಅಕ್ಕಾ, ಬಾಗಿಲು ಬೇಗ ತೆಗೆದ್ರಿ."

"ಹೋಗೇ! ಈ ಯಂತ್ರ ನನಗೆ ಗಂಡನಿಗಿಂತ ಹಳೇ ಪರಿಚಯ."

"ಈ ಗೆರೆ ಏನು ಬಣ್ಣ, ಹೇಳಿ."

ದೊಡ್ಡಕ್ಕ ಗಂಟನ್ನು ಮೂಗಿನ ತನಕ ತಂದಳು. ದೀಪದ ಕಡೆ ತಿರುಗಿಸಿದಳು. "ಕಪ್ಪು."

ಗೆರೆ ಮಾಸಲು ಕಂದಾಗಿತ್ತು.

"ಯಾವಾಗಿಂದ ಕಾಣ್ತಿಲ್ಲ?"

ದೊಡ್ಡಕ್ಕ ಗಂಟನ್ನು ಕೆಳಗಿಟ್ಟಳು. "ಎಂಟು ತಿಂಗಳಿದೆ ಕಣೇ, ನಿವೃತ್ತಿಗೆ."

ಮೇಲ್ವಿಚಾರಕಿ ತಟ್ಟೆಯನ್ನು ತನ್ನ ಕಡೆ ಎಳೆದುಕೊಂಡಳು. "ಇವತ್ತಿಂದ ನೀವು ಯಂತ್ರ ಮುಟ್ಟಬೇಡಿ. ಬಟ್ಟೆ ಮಡಿಸೋ ಕಡೆ ಇರಿ. ಬೆಳಿಗ್ಗೆ ನಾನು ದೊಡ್ಡ ಡಾಕ್ಟರಿಗೆ ಎಲ್ಲ ಹೇಳ್ತೀನಿ."

ಹೇಳಿಬಿಟ್ಟೆ ಎನಿಸಿತು. ಎಷ್ಟು ಹಗುರ.

"ಹೇಳು. ಪುಸ್ತಕಾನೂ ತಗೊಂಡೋಗು."

ಯಂತ್ರ ನಡೆಸಿದ ಪ್ರತಿ ಸಲಕ್ಕೂ ಆ ಪುಸ್ತಕದಲ್ಲಿ ಎರಡು ಸಹಿ: ಗಂಟು ಹೊರತೆಗೆದವರದು ಒಂದು, ಪಟ್ಟಿ ನೋಡಿ ಒಪ್ಪಿದವರದು ಇನ್ನೊಂದು. ಅವಳು ಪುಟ ತೆರೆದಳು. ತನ್ನ ಸಹಿ ಒಂದೇ ಶಾಯಿಯಲ್ಲಿ, ಒಂದೇ ಓರೆಯಲ್ಲಿ ಕೊನೆಯ ಸಾಲಿನವರೆಗೂ ಇಳಿದಿತ್ತು. ಇನ್ನೂ ಯಂತ್ರಕ್ಕೇ ಹೋಗದ ಗಂಟುಗಳಿಗೂ. ತನ್ನನ್ನು ಪದೇ ಪದೇ ಕರೆಯದಿರಲೆಂದು ಪಾಳಿ ಶುರುವಾಗುವಾಗಲೇ ಇಡೀ ಪುಟಕ್ಕೆ ಸಹಿ ಹಾಕಿಬಿಡುವುದು ಅವಳ ರೂಢಿಯಾಗಿತ್ತು.

"ನಾನಾಗಿ ನಿನ್ನ ಹೆಸರೆತ್ತಲ್ಲ," ಎಂದಳು ದೊಡ್ಡಕ್ಕ. "ಕೇಳಿದ್ರೆ ಮಾತ್ರ. ಸುಳ್ಳು ಹೇಳೋಕೆ ಬರಲ್ಲ ನಂಗೆ."

ಅಷ್ಟರಲ್ಲಿ ಮೇಲಿನ ನರ್ಸ್ ಗಂಟು ಒಯ್ಯಲು ಬಂದಳು.

"ಆ ಹೊಲಿಗೆ ಕೀವಾಗಿದ್ದ ಹೆಂಗಸು ಹೋಗ್ಬಿಟ್ರು, ಸಂಜೆ. ಎರಡು ಪುಟ್ಟ ಮಕ್ಕಳು. ಸಕ್ಕರೆ ಕಾಯಿಲೆ ಇತ್ತಲ್ಲ, ಅದಕ್ಕೇ ಅಂದ್ರು ಡಾಕ್ಟ್ರು." ತಟ್ಟೆಗೆ ಕೈ ಹಾಕಿದಳು. "ಇವು ರೆಡೀನಾ?"

"ಇಲ್ಲ," ಎಂದಳು ಮೇಲ್ವಿಚಾರಕಿ. "ಇನ್ನೊಂದು ಗಂಟೆ ಬೇಕು."

ನರ್ಸ್ ಗೊಣಗುತ್ತ ಹೋದಳು. ಮೇಲ್ವಿಚಾರಕಿ ಗಂಟುಗಳನ್ನು ತಾನೇ ಮತ್ತೆ ಒಳಗಿಟ್ಟು, ಬಾಗಿಲು ಬಿಗಿದು, ಒತ್ತಡದ ಮುಳ್ಳು ಏರುವುದನ್ನು ನೋಡುತ್ತ ನಿಂತಳು. ನಾಳೆಯಿಂದ ಒಂದೊಂದು ಪಟ್ಟಿಯನ್ನೂ ತಾನೇ ನೋಡುವಳು. ದೊಡ್ಡಕ್ಕ ಬಟ್ಟೆ ಮಡಿಸುವಳು. ಕಾರಣ ಕೇಳಿದವರಿಗೆ ಸೊಂಟನೋವು ಎಂದರಾಯಿತು. ಸತ್ತವಳ ಗಂಡ ಬಂದು ಕೇಳಿದರೆ?

ಅವನು ಇಲ್ಲಿಗೆ ಬರುವುದಿಲ್ಲ. ನೆಲಮಾಳಿಗೆಯಲ್ಲಿ ಇಂಥದೊಂದು ಕೋಣೆ ಇದೆಯೆಂದೇ ಅವನಿಗೆ ಗೊತ್ತಿರಲಾರದು.

"ಬೆಳಿಗ್ಗೆ ಹೇಳ್ತೀಯಾ?" ಎಂದಳು ದೊಡ್ಡಕ್ಕ ಹಿಂದಿನಿಂದ.

ಅವಳು ತಿರುಗಲಿಲ್ಲ. ಯಾರಿಗೂ ಹೇಳುವುದಿಲ್ಲವೆಂದು ಆಗಲೇ ನಿರ್ಧರಿಸಿಯಾಗಿತ್ತು.