ಲಾಯ ಬಿಡುವ ಷರತ್ತು

ನನ್ನ ಅಕ್ಕನ ಕುದುರೆಗೆ ಕೆಮ್ಮು ಶುರುವಾಗಿ ನಾಲ್ಕು ತಿಂಗಳಾಗಿತ್ತು. ಕುದುರೆಯ ಹೆಸರು ಮೇಡಂ. ಕಂದು ಮೈ, ಹಣೆಯ ಮೇಲೆ ಬಿಳಿ ಚುಕ್ಕೆ, ಯಾರೇ ಎದುರು ಬಂದರೂ ತಡವಾಗಿ ತರಗತಿಗೆ ಬಂದವನನ್ನು ನೋಡುವಂಥ ನೋಟ. ಹಾಗಾಗಿ ಆ ಹೆಸರು.

ಪಶುವೈದ್ಯರು ಬಂದು ಎದೆಗೆ ಕೊಳವೆ ಇಟ್ಟು ಕೇಳಿದರು. ಕೇಳಿ ಮುಗಿದ ಮೇಲೆ ಅವರು ನೋಡಿದ್ದು ಕುದುರೆಯನ್ನಲ್ಲ, ಅಟ್ಟವನ್ನು. ಲಾಯದ ಉದ್ದಕ್ಕೂ ಅಟ್ಟ, ಅಟ್ಟದ ತುಂಬ ಒಣಹುಲ್ಲು, ಹಲಗೆಗಳ ಸಂದಿಯಿಂದ ಸದಾ ಉದುರುವ ಧೂಳು.

"ಔಷಧಿ ನಾನು ಕೊಡ್ತೀನಿ, ಗಾಳಿ ನೀವು ಕೊಡಿ," ಎಂದರು. "ಚಳಿಗೆ ಬಾಗಿಲು ಮುಚ್ಚೋದ್ರೊಳಗೆ ಇಲ್ಲಿಂದ ಸಾಗಿಸಿ. ಇಲ್ಲಾಂದ್ರೆ ಹೋದ ಉಸಿರು ಹೋದ ಹಾಗೇ."

ಆ ಲಾಯ ಇದ್ದದ್ದು ಊರಾಚೆ, ಹೆದ್ದಾರಿಯ ಪಕ್ಕ. ಕುದುರೆ ಇದ್ದು ಜಾಗವಿಲ್ಲದವರು ಬಾಡಿಗೆ ಕೊಟ್ಟು ಅದನ್ನು ಬಿಡುವ ಸ್ಥಳ. ಹಾಸ್ಟೆಲ್ಲು ಎನ್ನಿ, ಒಂದೇ ವ್ಯತ್ಯಾಸ, ಇಲ್ಲಿ ಊಟದ ಬಗ್ಗೆ ಯಾರೂ ದೂರುವುದಿಲ್ಲ. ಅದರ ಯಜಮಾನರನ್ನು ನಾವು ಬೆನ್ನ ಹಿಂದೆ ಷರತ್ತಪ್ಪ ಎನ್ನುತ್ತಿದ್ದೆವು. "ನೋಡಮ್ಮಾ, ನಂದೇನೂ ತಕರಾರಿಲ್ಲ. ಆದ್ರೆ ಒಂದು ಷರತ್ತು," ಎನ್ನದೆ ಅವರು ಕುಡಿಯಲು ನೀರನ್ನೂ ಕೊಟ್ಟವರಲ್ಲ. ಮೂಗಿನಲ್ಲಿ ಹುಟ್ಟಿ, ಗಂಟಲಲ್ಲಿ ಸ್ವಲ್ಪ ದಣಿವಾರಿಸಿಕೊಂಡು, ಆಮೇಲೆ ಬಾಯಿಗೆ ಬರುವ ದನಿ. ಆ ದನಿಯನ್ನು ಹಾಗೇ ಅನುಕರಿಸಿ ತೆಗೆದು ಎಷ್ಟೋ ಸಂಜೆ ನಾನು ಅಕ್ಕನನ್ನು ನಗಿಸಿದ್ದೇನೆ. ಓದಿದ್ದು ಭಾಷೆ, ಸಿಕ್ಕಿದ್ದು ಬಸ್ ನಿಲ್ದಾಣದಲ್ಲಿ ಮೈಕಿನ ಮುಂದೆ ಕೂತು ಬಸ್ಸುಗಳನ್ನು ಕೂಗುವ ಕೆಲಸ. ಗಂಟಲೇ ನನ್ನ ಗಂಟು.

ಲಾಯ ಬಿಡುವವರು ಒಂದು ತಿಂಗಳು ಮುಂಚೆ ತಿಳಿಸಬೇಕೆಂಬುದು ಕರಾರು. ಅಕ್ಕ ಮೂರನೇ ತಾರೀಕು ಪತ್ರ ಕೊಟ್ಟಳು. ಷರತ್ತಪ್ಪ ಓದಿದರು, ನಾಲ್ಕಾಗಿ ಮಡಿಸಿದರು, ಟೀ ಲೋಟದ ಕೆಳಗಿಟ್ಟರು.

"ಹನ್ನೊಂದು ವರ್ಷ," ಎಂದರು.

"ಹೌದು ಯಜಮಾನ್ರೇ."

"ನಮ್ಮ ಹುಲ್ಲು ತಿಂದೇ ಬೆಳೀತು."

"ಈಗ ನಿಮ್ಮ ಹುಲ್ಲಿಗೇ ಕೆಮ್ತಾ ಇದೆ," ಎಂದೆ ನಾನು. ಅಕ್ಕ ನನ್ನ ಕಾಲು ತುಳಿದಳು.

"ಏನಪ್ಪಾ ಕಾಲೇಜು, ನಿನ್ನ ಬಸ್ಸು ಇನ್ನೂ ಹೊರಡಲಿಲ್ವಾ?" ಎಂದು ನನ್ನನ್ನು ವಿಚಾರಿಸಿಕೊಂಡು ಅವರು ಅಕ್ಕನ ಕಡೆ ತಿರುಗಿದರು. "ಸರಿಯಮ್ಮಾ, ಬೋರ್ಡಿಗೆ ಹಾಕ್ತೀನಿ."

ಬೋರ್ಡು ಎಂದರೆ ಮೇವಿನ ಕೋಣೆಯ ಕಪ್ಪು ಹಲಗೆ. ಯಾವ ಕುದುರೆಗೆ ಎಷ್ಟು ಬೂಸಾ, ಯಾವುದಕ್ಕೆ ಲಾಳ, ಯಾವುದು ಎಂದು ಬರುತ್ತದೆ, ಎಂದು ಹೋಗುತ್ತದೆ, ಎಲ್ಲ ಅದರ ಮೇಲೆ. ಹಿಂದೆ ಒಮ್ಮೆ ಬಾಯಿಮಾತು ನಂಬಿ ಒಂದೇ ಕುದುರೆಗೆ ಇಬ್ಬರು ಔಷಧಿ ಕುಡಿಸಿಬಿಟ್ಟಿದ್ದರಂತೆ. ಅವತ್ತಿನಿಂದ ಬೋರ್ಡಿನಲ್ಲಿದ್ದದ್ದೇ ನಿಜ, ಇಲ್ಲದ್ದು ನಡೆದೇ ಇಲ್ಲ. ಚಾಕ್‌ಪೀಸು ಷರತ್ತಪ್ಪನವರ ಅಂಗಿಯ ಜೇಬಿನಲ್ಲಿ.

ಅಕ್ಕ ಆಸ್ಪತ್ರೆಯ ನರ್ಸು. ಪಾಳಿ ಮುಗಿಸಿ ನಿದ್ದೆಗಣ್ಣಲ್ಲಿ ಬಂದು, ಮೇಡಂನ ಮೈ ಉಜ್ಜಿ, ಹೋಗುವವಳು. ಬೋರ್ಡಿನ ಕಡೆ ಅವಳ ಕಣ್ಣು ಹರಿದದ್ದು ಹದಿನಾಲ್ಕನೇ ತಾರೀಕು. ಮೇಡಂನ ಸಾಲಿನಲ್ಲಿ ಬೂಸಾ ಇತ್ತು, ನೋಟೀಸು ಇರಲಿಲ್ಲ.

"ಅಯ್ಯೋ, ಮರೆತೇಬಿಟ್ಟೆ," ಎಂದು ಷರತ್ತಪ್ಪ ಜೇಬಿಗೆ ಕೈಹಾಕಿ, ದುಂಡಗೆ 'ಮೇಡಂ, ನೋಟೀಸು, ೧೪' ಎಂದು ಬರೆದರು.

"ಮೂರು ಅಂತ ಬರೀರಿ."

"ಇವತ್ತು ಮೂರಾ?"

"ಪತ್ರ ಕೊಟ್ಟಿದ್ದು ಮೂರಕ್ಕೆ."

"ಪತ್ರ ಮೇಜಿನ ಮೇಲಿತ್ತಮ್ಮಾ. ಮೇಜು ಬೋರ್ಡಾ?"

ದುಡ್ಡಿನ ಜಗಳವಾಗಿದ್ದರೆ ಹೇಗೋ ಬಗೆಹರಿಯುತ್ತಿತ್ತು. ಇದು ದಿನದ ಜಗಳ. ಹೋದ ದಿನವನ್ನು ಯಾರು ಎಲ್ಲಿಂದ ತಂದುಕೊಡುತ್ತಾರೆ?

"ಲಾಯ ಬಿಡೋದಕ್ಕೂ ಲಾಯರೇ ಬೇಕೇನೋ," ಎಂದೆ. ಯಾರೂ ನಗಲಿಲ್ಲ. ಷರತ್ತಪ್ಪ ಬೋರ್ಡನ್ನೇ ನೋಡುತ್ತಿದ್ದರು. ಹದಿನಾಲ್ಕು ಸಾಲುಗಳಲ್ಲಿ ಎಂಟು ಖಾಲಿ. ಒರೆಸಿದ ಹೆಸರುಗಳ ಬಿಳಿ ಮಸುಕು ಇನ್ನೂ ಅಲ್ಲೇ ಇತ್ತು. ಗಟ್ಟಿಯಾಗಿ ಒರೆಸಲು ಮನಸ್ಸಿಲ್ಲದವರು ಒರೆಸಿದಂತೆ.

ಇನ್ನೊಂದು ಜಾಗ ಹುಡುಕುವ ಕೆಲಸ ನನ್ನ ಗಂಟಲಿಗೆ ಬಿತ್ತು. ಎಷ್ಟೋ ಕಡೆ ಫೋನು ಮಾಡಿದ ಮೇಲೆ, ಒಂದು ತಾಸು ದೂರದ ಗುಡ್ಡದ ಮೇಲೆ ಬಯಲಿನಲ್ಲೇ ಕುದುರೆ ಸಾಕುವ ಹೆಂಗಸೊಬ್ಬರು ಸಿಕ್ಕಿದರು. ನಮ್ಮ ಬಾಯಲ್ಲಿ ಅವರು ಗುಡ್ಡದಮ್ಮ.

"ಕೆಮ್ಮು ಅಂದ್ರಲ್ಲ, ಎಂಥ ಕೆಮ್ಮು? ಅಂಟೋ ಕೆಮ್ಮಾದ್ರೆ ಬೇಡಪ್ಪಾ, ನನ್ನ ಹತ್ರ ಇನ್ನೂ ಐದು ಇದಾವೆ."

ಹೇಳುವುದಕ್ಕಿಂತ ಕೆಮ್ಮುವುದೇ ಸುಲಭವೆನಿಸಿತು. ಎರಡು ಚಿಕ್ಕದು, ಒಣದು. ಆಮೇಲೆ ಒಂದು ಉದ್ದದ್ದು, ಹೊಟ್ಟೆಯಿಂದ. ಕೊನೆಗೆ ಮೂಗಿನ ಹೊಳ್ಳೆ ಒದರಿದ್ದು.

"ಕುದುರೆ ಪಕ್ಕದಲ್ಲೇ ಇದೆಯಾ?"

"ಇಲ್ಲಮ್ಮಾ. ಅದು ನಾನು."

ಗುಡ್ಡದಮ್ಮ ನಕ್ಕು ನಕ್ಕು ತಾವೂ ಕೆಮ್ಮಿದರು. "ಧೂಳಿನ ಕೆಮ್ಮೇ. ಕರ್ಕೊಂಡು ಬನ್ನಿ. ಆದ್ರೆ ಇರೋದು ಒಂದೇ ಜಾಗ. ನಾಲ್ಕನೇ ತಾರೀಕು, ಭಾನುವಾರ ಸಂಜೆ ಆರರ ತನಕ ಕಾಯ್ತೀನಿ. ಆಮೇಲೆ ಸಾಲಲ್ಲಿ ನಿಂತೋರಿಗೆ ಕೊಟ್ಟುಬಿಡ್ತೀನಿ, ಬೇಜಾರು ಮಾಡ್ಕೋಬೇಡಿ."

ನಾಲ್ಕಕ್ಕೆ ಪತ್ರದ ಲೆಕ್ಕದಲ್ಲಿ ತಿಂಗಳು ಮುಗಿದಿರುತ್ತದೆ. ಬೋರ್ಡಿನ ಲೆಕ್ಕದಲ್ಲಿ ಇನ್ನೂ ಹತ್ತು ದಿನ. ತಡೆದರೆ ತಡೆಯಲಿ, ನೋಡಿಯೇಬಿಡೋಣ ಎಂದು ಅಕ್ಕ ಭಾನುವಾರಕ್ಕೆ ಕುದುರೆ ಸಾಗಿಸುವ ಗಾಡಿ ಗೊತ್ತು ಮಾಡಿದಳು.

ಮಧ್ಯಾಹ್ನ ಎರಡಕ್ಕೆ ಗಾಡಿ ಬಂತು. ಡ್ರೈವರು ಹಿಂಬಾಗಿಲ ಹಲಗೆಯನ್ನು ಇಳಿಜಾರಾಗಿ ಇಳಿಸಿದ. ಷರತ್ತಪ್ಪ ಆಫೀಸಿನ ಮುಂದೆ ಸ್ಟೂಲು ಹಾಕಿಕೊಂಡು ಕಡಿವಾಣವೊಂದಕ್ಕೆ ಎಣ್ಣೆ ತಿಕ್ಕುತ್ತಿದ್ದರು. ಜಗಳಕ್ಕೆ ಬೇಕಾದ ಮಾತೆಲ್ಲ ನಾನು ದಾರಿಯಲ್ಲೇ ಕಟ್ಟಿಕೊಂಡು ಬಂದಿದ್ದೆ.

"ಗೇಟು ತೆರೆದೇ ಇದೆ," ಎಂದರು ಅವರು. "ನಾನು ಬೇಡ ಅಂದ್ನಾ? ಬೋರ್ಡು ಪ್ರಕಾರ ಇನ್ನೂ ಹತ್ತು ದಿನ ಇದೆ. ಆದ್ರೂ ಅಡ್ಡ ಬರಲ್ಲ. ಒಂದೇ ಷರತ್ತು."

"ಏನು?"

"ನೀವೇ ಹತ್ತಿಸಿ ಅಂತ ನನ್ನ ಕೇಳಬಾರದು."

ಕಟ್ಟಿಕೊಂಡು ಬಂದ ಮಾತಿನ ಗಂಟು ಅಲ್ಲೇ ಬಿಚ್ಚಿಹೋಯಿತು. ಅಕ್ಕ ಮೇಡಂನ ಮೊಣಕಾಲಿನ ಕಡೆ ನೋಡಿದಳು. ಹನ್ನೊಂದು ವರ್ಷದ ಹಿಂದೆ ಇಲ್ಲಿಗೆ ಬರುವಾಗ ದಾರಿಯಲ್ಲಿ ಗಾಡಿ ವಾಲಿ ಮೇಡಂನ ಮೊಣಕಾಲಿನ ಚರ್ಮ ಕಿತ್ತುಹೋಗಿತ್ತು. ಇಲ್ಲಿ ತಲುಪಿದ ಮೇಲೆ ಇಳಿಯಲೊಲ್ಲದು. ಮೂರು ತಾಸು ಹಲಗೆಯ ಬುಡದಲ್ಲಿ ಕೂತು, ಕರೆದು ಕರೆದು ಇಳಿಸಿದವರು ಷರತ್ತಪ್ಪ. ಅಂದಿನಿಂದ ಗಾಡಿ ಹತ್ತುವುದಿದ್ದರೂ ಇಳಿಯುವುದಿದ್ದರೂ ಅವರ ಕರೆಯೇ ಆಗಬೇಕು. ನಾಲಿಗೆಯಿಂದ ಎರಡು ಸಲ ಲೊಚ್ ಲೊಚ್, ಆಮೇಲೆ ಮೂಗಿನಲ್ಲಿ, "ಬಾ ತಾಯೀ, ಬಾ ಬಾ, ಬಂದ್ಬಿಡು." ಎಲ್ಲ ಕುದುರೆಗಳನ್ನೂ ಮೇವಿಗೆ ಕರೆಯುವುದೂ ಅದೇ ಕರೆಯಿಂದ. ಅವರು ಬೀಗ ಹಾಕಿರಲಿಲ್ಲ, ಹಗ್ಗ ಕಟ್ಟಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರು, ಅಷ್ಟೇ.

ನಾವು ಕ್ಯಾರೆಟ್ ತೋರಿಸಿದೆವು. ಬೂಸಾದ ಬಕೆಟ್ಟು ಗಾಡಿಯೊಳಗಿಟ್ಟೆವು. ಕಣ್ಣಿಗೆ ಬಟ್ಟೆ ಕಟ್ಟಿದೆವು. ಡ್ರೈವರು ಹಿಂದಿನಿಂದ ಹೆಗಲು ಕೊಟ್ಟ. ಮೇಡಂ ಹಲಗೆಯ ಬುಡದಲ್ಲಿ ನಾಲ್ಕು ಕಾಲೂರಿ ನಿಂತು ಕೆಮ್ಮಿತು.

"ಕುದುರೆ ಕಂಡ್ರೆ ಕಾಲುನೋವು ಅಂತಾರೆ. ನಂಗೆ ಸೊಂಟಾನೇ ಹೋಯ್ತು," ಎಂದು ಡ್ರೈವರು ಕೂತ. "ನಡೆಸ್ಕೊಂಡೇ ಹೋಗಬಾರದಾ ಅಕ್ಕಾವ್ರೇ?"

"ಗೇಟಿನ ತನಕ ನಡೆದ್ರೇ ಉಬ್ಬಸ ಬರತ್ತೆ. ಗುಡ್ಡ ಹತ್ತತ್ತಾ?"

ನಾಲ್ಕು ಗಂಟೆಗೆ ಅಕ್ಕ ಷರತ್ತಪ್ಪನವರ ಮುಂದೆ ಹೋಗಿ ನಿಂತಳು. ಕಾಯಿಲೆಯವರ ಮನೆಮಂದಿಯ ಜೊತೆ ಮಾತಾಡುವಾಗಿನ ಮೆಲುದನಿ.

"ಯಜಮಾನ್ರೇ, ಷರತ್ತು ಮುರೀತಿದೀನಿ. ಒಂದು ಸಲ ಕರೀರಿ."

"ಹದಿನಾಲ್ಕಕ್ಕೆ ಕರೀತೀನಮ್ಮಾ."

"ಅಷ್ಟು ಹೊತ್ತಿಗೆ ಅಲ್ಲಿ ಜಾಗ ಇರಲ್ಲ."

"ಇಲ್ಲಿದೆಯಲ್ಲ ಜಾಗ," ಎಂದು ಅವರು ಖಾಲಿ ಕೋಣೆಗಳ ಕಡೆ ಕೈ ತೋರಿಸಿದರು. ಅದರಲ್ಲಿ ಕುಹಕವಿರಲಿಲ್ಲ. ಕುಹಕವಿದ್ದಿದ್ದರೆ ಉತ್ತರ ಕೊಡಬಹುದಿತ್ತು. ಅವರು ಎದ್ದು ಮೇವಿನ ಕೋಣೆಗೆ ಹೋಗಿ ಬಾಗಿಲು ಎಳೆದುಕೊಂಡರು.

ಅಕ್ಕ ನನ್ನ ಕಡೆ ತಿರುಗಿದಳು. "ನೀನು ತೆಗಿ."

"ಏನು?"

"ಅವರ ದನಿ."

"ಲೇ ಅಕ್ಕಾ, ಅದು ತಮಾಷೆಗೆ..."

"ಇವತ್ತು ತಮಾಷೆ ಬೇಡ ಕಣೋ. ಇವತ್ತು ಸರಿಯಾಗಿ ಮಾಡು."

ನಾನು ಗಾಡಿಯೊಳಗೆ ಹೋಗಿ ಕತ್ತಲಲ್ಲಿ ನಿಂತೆ. ಲೊಚ್ ಲೊಚ್. "ಬಾ ತಾಯೀ, ಬಾ ಬಾ, ಬಂದ್ಬಿಡು."

ಮೇಡಂನ ಎರಡು ಕಿವಿಗಳೂ ನನ್ನ ಕಡೆ ನೆಟ್ಟವು. ಇನ್ನೊಮ್ಮೆ ಕರೆದೆ. ಮುಂಗಾಲೊಂದು ಹಲಗೆಯ ಮೇಲೆ ಬಂತು. ಎರಡನೆಯದೂ ಬಂತು. ಹೊರಗೆ ಅಕ್ಕ ಹಗ್ಗ ಸಡಿಲ ಬಿಟ್ಟಳು. ಬಾಳಿನಲ್ಲಿ ಮೊದಲ ಸಲ ನನ್ನ ಗಂಟಲು ಒಂದು ಕೆಲಸಕ್ಕೆ ಬಂದಿತ್ತು.

ಆದರೆ ಮೇವಿನ ಕರೆಗೆ ಕಿವಿ ಇರುವುದು ಒಂದೇ ಕುದುರೆಗಲ್ಲ. ಉಳಿದ ಐದೂ ಒಟ್ಟಿಗೆ ಕೆನೆದವು, ಬಾಗಿಲು ಒದೆಯತೊಡಗಿದವು. ಇಡೀ ಲಾಯ ಧಡಧಡ ಎಂದಿತು. ಮೇವಿನ ಕೋಣೆಯ ಬಾಗಿಲು ತೆರೆಯಿತು. ಕೈಯಲ್ಲಿ ಬೂಸಾ ಅಳೆಯುವ ಡಬ್ಬಿ ಹಿಡಿದ ಷರತ್ತಪ್ಪ, ತಮ್ಮದೇ ದನಿ ಗಾಡಿಯೊಳಗಿಂದ ಬರುವುದನ್ನು ಕೇಳುತ್ತಾ ನಿಂತರು.

ನಾನು ನಿಲ್ಲಿಸಲಿಲ್ಲ. "ಬಾ ತಾಯೀ..." ಮೇಡಂ ನನ್ನ ಕಡೆ ನೋಡಿತು. ಕತ್ತು ತಿರುಗಿಸಿ ಅವರ ಕಡೆ ನೋಡಿತು. ದನಿ ಇಲ್ಲಿ, ಆಳು ಅಲ್ಲಿ. "ಬಂದ್ಬಿಡು," ಎಂದೆ. ಕೊನೆಯ ಅಕ್ಷರಕ್ಕೆ ನನ್ನ ಸ್ವಂತ ದನಿ ಇಣುಕಿಬಿಟ್ಟಿತು.

ಮೇಡಂ ಒಂದು ಕಾಲು ಇಳಿಸಿತು. ಇನ್ನೊಂದು ಇಳಿಸಿತು. ಹಗ್ಗ ಹಿಡಿದ ಅಕ್ಕನನ್ನೂ ಎಳೆದುಕೊಂಡು ಅಂಗಳ ದಾಟಿ ಹೋಗಿ, ಷರತ್ತಪ್ಪನವರ ಅಂಗಿಯೊಳಗೆ ಮೂತಿ ತೂರಿಸಿ ನಿಂತಿತು.

ಅವರು ಡಬ್ಬಿಯನ್ನು ಬೆನ್ನ ಹಿಂದೆ ಸರಿಸಿದರು. ಕೈ ಎತ್ತಿ ಅದರ ಕತ್ತನ್ನು ಮುಟ್ಟಲೂ ಇಲ್ಲ.

"ನಾನು ಕರೀಲಿಲ್ಲಮ್ಮಾ," ಎಂದರು. ಆ ದನಿಯಲ್ಲಿ ಮೂಗಿರಲಿಲ್ಲ, ಷರತ್ತಿರಲಿಲ್ಲ. ಅದನ್ನು ತೆಗೆಯಲು ನನಗೆ ಇಂದಿಗೂ ಬಂದಿಲ್ಲ.

"ನೋಡಿದೆ," ಎಂದಳು ಅಕ್ಕ.

ಐದೂ ಹತ್ತಾಗಿತ್ತು. ಡ್ರೈವರು ಕೈಗಡಿಯಾರ ನೋಡಿಕೊಂಡು, ತಲೆ ಕೆರೆದು, "ಇನ್ನು ಹೊರಟ್ರೂ ಆರಕ್ಕೆ ತಲುಪಲ್ಲ ಅಕ್ಕಾವ್ರೇ," ಎಂದು ಹಲಗೆಯನ್ನು ಎತ್ತಿ ಕೊಂಡಿ ಹಾಕಿದ. ಬೂಸಾದ ಬಕೆಟ್ಟು ಒಳಗೇ ಉಳಿದಿತ್ತು. ಅದನ್ನು ಇಳಿಸಿಕೊಡಲು ಮತ್ತೆ ಕೊಂಡಿ ತೆಗೆದ, ಮತ್ತೆ ಹಾಕಿದ. ಗಾಡಿ ಖಾಲಿಯಾಗಿಯೇ ಗೇಟು ದಾಟಿತು.

"ಧೂಳು ಏಳದ ಹಾಗೆ ಹುಲ್ಲು ನೆನೆಸಿ ಹಾಕ್ತೀನಿ," ಎಂದರು ಷರತ್ತಪ್ಪ. "ಹತ್ತೇ ದಿನ ತಾನೇ. ಹದಿನಾಲ್ಕಕ್ಕೆ ನಾನೇ ಹತ್ತಿಸ್ತೀನಿ."

"ಎಲ್ಲಿಗೆ?" ಎಂದಳು ಅಕ್ಕ.

ಷರತ್ತಪ್ಪ ಅಟ್ಟದ ಕಡೆ ಒಮ್ಮೆ ನೋಡಿದರು. ಅಕ್ಕ ಮೇಡಂನನ್ನು ಅದರ ಕೋಣೆಗೇ ಕರೆದುಕೊಂಡು ಹೋಗಿ, ನಲ್ಲಿಯ ಕೆಳಗಿನ ತೊಟ್ಟಿಯಲ್ಲಿ ಹುಲ್ಲು ತುಂಬಿದ ಬಲೆಯಿಟ್ಟು ನೀರು ಬಿಟ್ಟಳು. ತುಂಬಿ ಹರಿದರೂ ನಿಲ್ಲಿಸಲಿಲ್ಲ. ನಾನು ಹೋಗಿ ನಿಲ್ಲಿಸಿದೆ.

ಆರು ಗಂಟೆಗೆ ಗುಡ್ಡದಮ್ಮನ ಫೋನು ಬಂತು.

"ಎಲ್ಲಿದೀರಪ್ಪಾ? ದಾರಿ ತಪ್ಪಿತಾ?"

"ಇಲ್ಲಮ್ಮಾ. ಹೊರಡಲೇ ಇಲ್ಲ."

ಬಾಗಿಲ ಹಿಂದೆ ಮೇಡಂ ಕೆಮ್ಮಿತು. ಎರಡು ಚಿಕ್ಕದು, ಒಂದು ಉದ್ದದ್ದು.

"ತಮಾಷೆ ಮಾಡ್ತಿದೀಯೇನಪ್ಪಾ?" ಎಂದರು ಗುಡ್ಡದಮ್ಮ. ಅವರ ದನಿಯಲ್ಲಿ ನಗು ಆಗಲೇ ಶುರುವಾಗಿತ್ತು.

"ಇಲ್ಲಮ್ಮಾ," ಎಂದೆ. "ಈ ಸಲ ನಾನಲ್ಲ."